ನೀಲಿ ಬ್ಯಾಟರಿಯ ಕಾವಲು

ಗ್ಯಾರೇಜಿನ ನಡುವೆ ಒಂದು ಮರದ ಹಲಗೆ. ಹಲಗೆಯ ಮೇಲೆ ಒಂದು ಬ್ಯಾಟರಿ. ತೆರೆದ ಬಾಗಿಲಿನಿಂದ ಒಳಬಂದ ಬೆಳಗಿನ ಬಿಸಿಲು ನೆಲದ ಎಣ್ಣೆಕಲೆಗಳನ್ನು ದಾಟಿ, ಹಲಗೆಯ ಅಂಚಿನವರೆಗೆ ಬಂದು, ಮುಂದೆ ಹೋಗಲೋ ಬೇಡವೋ ಎಂದು ಅನುಮಾನಿಸುತ್ತ ನಿಂತಿದೆ. ಗೋಡೆಗೆ ಒರಗಿಸಿದ ಎರಡು ಹುಟ್ಟುಗಳು ಜಗಳವಾಡಿದ ಗಂಡ ಹೆಂಡಿರಂತೆ ಬೇರೆ ಬೇರೆ ಕಡೆಗೆ ಮುಖ ಮಾಡಿವೆ. ಮೊಳೆಗೆ ತೂಗುಬಿದ್ದ ಬಲೆಯಲ್ಲಿ ಈವರೆಗೆ ಸಿಕ್ಕಿರುವುದು ಒಂದು ಜೇಡ ಮಾತ್ರ. ಅದೂ ತಾನಾಗಿ ಬಂದದ್ದು. ಬ್ಯಾಟರಿಯ ಬಣ್ಣ ನೀಲಿ. ಅಡಿಯಿಂದ ಮುಡಿಯವರೆಗೆ ನೀಲಿ, ಆಕಾಶದ ಒಂದು ತುಂಡು ಕೆಳಗೆ ಬಿದ್ದು ಚೌಕವಾಗಿ ಹೆಪ್ಪುಗಟ್ಟಿದಂತೆ. ಅದರ ಮುಂದೆ, ಬಲಗೈಯಲ್ಲಿ ಚಾರ್ಜರಿನ ಕೆಂಪು ಕ್ಲಿಪ್ಪು, ಎಡಗೈಯಲ್ಲಿ ಕಪ್ಪು ಕ್ಲಿಪ್ಪು ಹಿಡಿದು, ಎರಡು ಜೀವಂತ ಏಡಿಗಳನ್ನು ಹಿಡಿದವರ ಎಚ್ಚರದಲ್ಲಿ ಡ್ರಾಯಿಂಗ್ ಮೇಷ್ಟ್ರು ನಿಂತಿದ್ದಾರೆ. ರೆಪ್ಪೆ ಕೂಡ ಅಲುಗುತ್ತಿಲ್ಲ.

ಇಷ್ಟು ಒಪ್ಪವಾದ ಚಿತ್ರದಲ್ಲಿ ಒಂದೇ ಒಂದು ದೋಷವಿತ್ತು. ಬ್ಯಾಟರಿಯ ಯಾವ ಗುಬುಟು ಪ್ಲಸ್ಸು, ಯಾವುದು ಮೈನಸ್ಸು ಎಂಬುದು ಕಾಣುತ್ತಿರಲಿಲ್ಲ. ಕಾಣದಂತೆ ಮಾಡಿದವರು ಸ್ವತಃ ಮೇಷ್ಟ್ರು.

ಹಿಂದಿನ ವಾರ ದೋಣಿಗೆ ಬಣ್ಣ ಬಳಿದು ಮುಗಿಸಿದಾಗ ಡಬ್ಬಿಯ ತಳದಲ್ಲಿ ಸ್ವಲ್ಪ ನೀಲಿ ಉಳಿದಿತ್ತು. ಅಂಥ ಚೆಲುವಾದ ದೋಣಿಯ ಹೊಟ್ಟೆಯೊಳಗೆ ಒಂದು ಕರಿಯ ಪೆಟ್ಟಿಗೆ ಕುಳಿತಿರುವುದು ಅವರ ಕಣ್ಣಿಗೆ ಮೊದಲಿನಿಂದಲೂ ಚುಚ್ಚುತ್ತಿತ್ತು. ಅದಕ್ಕೂ ಬಳಿದರು. ಮೈಗೆ ಬಳಿದರು, ಮೇಲಿನ ಮುಚ್ಚಳಗಳಿಗೆ ಬಳಿದರು. ಕೆಂಪು ಗುರುತಿನ ಗುಬುಟಿಗೂ ಕಪ್ಪು ಗುರುತಿನ ಗುಬುಟಿಗೂ, ತಾರತಮ್ಯ ಬೇಡವೆಂದು, ಸಮನಾಗಿ ಬಳಿದರು.

ಹೆಂಡತಿ ಕಾಫಿ ಲೋಟ ಹಿಡಿದು ಮೆಟ್ಟಿಲಿಳಿದು ಬಂದಳು.

“ಇನ್ನೂ ನೋಡ್ತಾನೇ ಇದ್ದೀರಾ? ಮದುವೆಯಾದ ಹೊಸದರಲ್ಲಿ ನನ್ನನ್ನೂ ಇಷ್ಟು ಹೊತ್ತು ನೋಡಿರಲಿಲ್ಲ ನೀವು.”

“ಪ್ಲಸ್ಸು ಯಾವ ಕಡೆ ಅಂತ ಯೋಚಿಸ್ತಿದ್ದೀನಿ ಕಣೇ.”

“ಬಳಿಯೋವಾಗ ಯೋಚಿಸ್ಬೇಕಿತ್ತು. ಸಾಯಂಕಾಲ ಅಣ್ಣ ಬರ್ತಾನೆ. ಆಡಿದ ಮಾತು ನೆನಪಿದೆ ತಾನೇ?”

ನೆನಪಿತ್ತು. ಮರೆಯುವಂಥ ಮಾತೇ ಅಲ್ಲ ಅದು. ಮೊಣಕಾಲು ನೋವಿನಿಂದ ನೀರಿಗಿಳಿಯುವುದನ್ನು ಬಿಟ್ಟ ಒಬ್ಬ ಮೀನುಗಾರ ಮೇಷ್ಟ್ರಿಗೆ ಆ ದೋಣಿಯನ್ನು ಒಪ್ಪಿಸಿದ್ದ. ಬ್ಯಾಟರಿಯಿಂದ ಓಡುವ ಪುಟ್ಟ ಮೋಟಾರನ್ನೂ ಚಾರ್ಜರನ್ನೂ ಜೊತೆಗೆ ಕೊಟ್ಟಿದ್ದ. ಅಂದಿನಿಂದ ದೋಣಿ ನಡುನೀರಿಗೆ ಹೋದದ್ದುಂಟು, ತನ್ನ ಬಲದಿಂದ ಹಿಂದಿರುಗಿದ್ದಿಲ್ಲ. ಒಂದು ಸಲ ದಡದ ಪ್ಲಗ್ಗಿನಿಂದಲೇ ಚಾರ್ಜು ಮಾಡಲು ಹೋಗಿ, ಒದ್ದೆ ಹಲಗೆಯ ಮೇಲೆ ವೈರು ಎಳೆದು, ದೋಣಿಗಳು ನಿಲ್ಲುವ ದಕ್ಕೆಯ ದೀಪಗಳೆಲ್ಲ ಒಟ್ಟಿಗೆ ಆರಿಹೋಗುವಂತೆ ಮಾಡಿದ್ದರು. ಅಲ್ಲಿನ ಕಾವಲುಗಾರ ಇನ್ನು ಈ ಚಾರ್ಜರು ಗೇಟು ದಾಟಿದರೆ ತಾನೇ ನೀರಿಗೆಸೆಯುವುದಾಗಿ ಹೇಳಿದ್ದ. ಕೊನೆಯ ಸಲ ಅವರನ್ನು ದಡಕ್ಕೆ ಎಳೆದು ತಂದದ್ದು ಹಂಸದ ಆಕಾರದ ಒಂದು ಪೆಡಲ್ ದೋಣಿ. ಅದನ್ನು ತುಳಿಯುತ್ತಿದ್ದವರು ಮೇಷ್ಟ್ರ ಏಳನೇ ತರಗತಿಯ ಇಬ್ಬರು ವಿದ್ಯಾರ್ಥಿನಿಯರು.

ದಡದಲ್ಲಿ ಆ ಮೆರವಣಿಗೆಯನ್ನು ನೋಡುತ್ತ ನಿಂತಿದ್ದ ಹೆಂಡತಿಯ ಅಣ್ಣ ಅಲ್ಲೇ ತೀರ್ಪು ಕೊಟ್ಟಿದ್ದ. ಅವನು ಮರದ ವ್ಯಾಪಾರಿ. ಮಾತೂ ತೊಲೆಯಂತೆಯೇ, ಬಿದ್ದರೆ ಎತ್ತುವುದು ಕಷ್ಟ. “ಭಾವ, ಬರೋ ಭಾನುವಾರ ಸಾಯಂಕಾಲ ನಾನು ಬರ್ತೀನಿ. ಅಷ್ಟರಲ್ಲಿ ಬ್ಯಾಟರಿ ಪೂರ್ತಿ ತುಂಬಿರಬೇಕು. ತುಂಬಿದ್ರೆ ದೋಣಿ ನಿಮ್ಮದು, ಇನ್ನು ಬಾಯಿ ಬಿಡಲ್ಲ. ಇಲ್ಲದಿದ್ರೆ ನನಗೆ ಕೊಟ್ಬಿಡಿ. ನಿಮ್ಮ ಕೈಯಲ್ಲಿ ದೋಣಿ ಅಂದ್ರೆ ಮೀನಿಗೂ ಮರ್ಯಾದೆ ಕಮ್ಮಿ.” ಇವರೂ ಅವನನ್ನು ಭಾವ ಎಂದೇ ಕರೆಯುತ್ತಿದ್ದರು. ಆದುದರಿಂದ ಆ ಹೊತ್ತಿನ ವಾದದಲ್ಲಿ ಯಾವ ಭಾವ ಯಾವ ಭಾವನನ್ನು ಬಯ್ದನೆಂಬುದು ದಕ್ಕೆಯ ಜನಕ್ಕೆ ಸ್ಪಷ್ಟವಾಗಲಿಲ್ಲ. ಒಪ್ಪಿಕೊಂಡವರು ಯಾರೆಂಬುದು ಮಾತ್ರ ಸ್ಪಷ್ಟವಾಗಿತ್ತು.

ಮೇಷ್ಟ್ರಿಗೆ ಮೀನಿನ ಆಸೆಯಿರಲಿಲ್ಲ. ಅವರಿಗಿದ್ದದ್ದು ಬೇರೆ ಆಸೆ. ದಕ್ಕೆಯ ಎದುರಿನ ನಡುಗಡ್ಡೆಯ ಹಿಂಬದಿಗೆ ಹೋಗಿ, ಮೋಟಾರು ನಿಲ್ಲಿಸಿ, ಯಾರೂ ಏನನ್ನೂ ಕೇಳದ ಒಂದು ಗಳಿಗೆಯಲ್ಲಿ ಕುಳಿತು, ಸಂಜೆಯ ನೀರು ತನಗೇ ತಿಳಿಯದಂತೆ ಬಣ್ಣ ಬದಲಿಸುವುದನ್ನು ನೋಡಬೇಕು. ಒಂದು ಜೀವಮಾನವಿಡೀ ಮಕ್ಕಳಿಗೆ ನೀರು ಬರೆಯುವುದನ್ನು ಕಲಿಸಿದ ಮನುಷ್ಯನಿಗೆ ನೀರಿನ ಪಕ್ಕದಲ್ಲಿ ಸುಮ್ಮನೆ ಕೂರಲು ಪುರುಸೊತ್ತೇ ಸಿಕ್ಕಿರಲಿಲ್ಲ. ದೋಣಿ ಹೋದರೆ ಆ ಗಳಿಗೆಯೂ ಹೋಯಿತು.

“ಅಂದಾಜಿನ ಮೇಲೆ ಹಾಕಿಬಿಡ್ತೀನಿ,” ಎಂದು ಮೇಷ್ಟ್ರು ಕೆಂಪು ಏಡಿಯನ್ನು ಮುಂದೆ ಚಾಚಿದರು.

ಕಿವಿ ಸೀಳುವಂಥ ಒಂದು ಸೀಟಿ ಕೇಳಿಸಿತು. ಏಡಿಗಳೆರಡೂ ಕೈಜಾರಿ ಕೆಳಗೆ ಬಿದ್ದವು.

ಬಾಗಿಲಲ್ಲಿ ಫೈರ್ ಮಾಮ ನಿಂತಿದ್ದರು. ಕೆಳಗಿನ ಮಹಡಿಯ ಈ ಹಿರಿಯರು ಅಗ್ನಿಶಾಮಕ ದಳದಲ್ಲಿ ಇಡೀ ಆಯುಷ್ಯ ಕಳೆದು ನಿವೃತ್ತರಾದವರು. ಕಳೆದದ್ದು ಕಚೇರಿಯೊಳಗೆ, ಕುರ್ಚಿಯ ಮೇಲೆ. ಬೆಂಕಿಯನ್ನು ಅವರು ಕಡತಗಳಲ್ಲಿ ಮಾತ್ರ ಕಂಡಿದ್ದರು. ಅದನ್ನು ಮುಖಾಮುಖಿ ನೋಡದೆ ನಿವೃತ್ತರಾದ ಕೊರಗು ಅವರಲ್ಲಿ ಕೆಂಡವಾಗಿ ಉಳಿದಿತ್ತು.

“ಮೇಷ್ಟ್ರೇ! ಅಂದಾಜಂತೆ ಅಂದಾಜು! ಉಲ್ಟಾ ಹಾಕಿದ್ರೆ ಏನಾಗತ್ತೆ ಗೊತ್ತಾ? ಕಿಡಿ! ಕಿಡಿ ಹಾರಿದ್ರೆ ಏನಾಗತ್ತೆ ಗೊತ್ತಾ?”

“ಏನಾಗತ್ತೆ ಮಾಮ?”

“ನೀವೂ ಹಾರ್ತೀರಿ. ಎಲ್ಲಿ, ಸರೀರಿ.” ಮಾಮ ಮೊಣಕಾಲೂರಿ ಕುಳಿತು ಬ್ಯಾಟರಿಯನ್ನು ನೋಡಿದರು. ಅವರ ಮುಖ ನಿಧಾನವಾಗಿ ಬ್ಯಾಟರಿಯ ಬಣ್ಣಕ್ಕೆ ತಿರುಗಿತು. “ಅಯ್ಯಯ್ಯೋ! ಮುಚ್ಚಳದ ತೂತೆಲ್ಲ ಬಣ್ಣದಲ್ಲಿ ಮುಚ್ಚಿಬಿಟ್ಟಿದ್ದೀರಿ! ಚಾರ್ಜಾಗೋವಾಗ ಒಳಗಿಂದ ಗ್ಯಾಸು ಬರತ್ತೆ ಕಣ್ರೀ. ಅದು ಎಲ್ಲಿಂದ ಹೋಗ್ಬೇಕು, ನಿಮ್ಮ ಜೇಬಿಂದಾನಾ? ಇದು ಬ್ಯಾಟರಿ ಅಲ್ಲ. ನೀಲಿ ಬಾಂಬು!”

ಕೊನೆಯ ಪದವನ್ನು ಅವರು ಬೀದಿಗೆ ಕೇಳುವಂತೆ ಹೇಳಿದರು. ಬೀದಿ ಕೇಳಿಸಿಕೊಂಡಿತು. ಕಿಟಕಿಗಳು ತೆರೆದವು, ಇನ್ನು ಕೆಲವು ಮುಚ್ಚಿದವು. ಎದುರುಮನೆಯ ದೊಡ್ಡಮ್ಮ, ಯಾರ ದೊಡ್ಡಮ್ಮನೂ ಅಲ್ಲದೆ ಎಲ್ಲರಿಗೂ ದೊಡ್ಡಮ್ಮನಾದಾಕೆ, ಇಕ್ಕಟ್ಟಾದ ಬೀದಿಯನ್ನು ನಾಲ್ಕು ಹೆಜ್ಜೆಯಲ್ಲಿ ದಾಟಿ ಬಂದಳು.

“ಎಲ್ಲಿ ಬಾಂಬು? ನಾನೂ ನೋಡ್ತೀನಿ.”

“ಬಾಂಬು ಅಂದ್ರೆ ಜನ ಓಡಿಹೋಗ್ಬೇಕು ದೊಡ್ಡಮ್ಮ, ಓಡಿ ಬರೋದಲ್ಲ,” ಎಂದರು ಮಾಮ.

“ಓಡಿಹೋಗೋಕೆ ಮೊಣಕಾಲು ಬೇಕಲ್ಲ. ಬರೋಕೆ ಸಾಕಾಗತ್ತೆ.”

ಹೀಗೆ ಆ ಭಾನುವಾರದ ಆಡಳಿತ ಮೇಷ್ಟ್ರ ಕೈಯಿಂದ ಜಾರಿತು. ಮಾಮ ತಮ್ಮ ಮನೆಯಿಂದ ಒಂದು ಬಕೆಟ್ಟು ಮರಳನ್ನೂ ಒಂದು ಹಗ್ಗವನ್ನೂ ತಂದರು. ಹಗ್ಗವನ್ನು ಗ್ಯಾರೇಜಿನ ಬಾಗಿಲಿಗೆ ಅಡ್ಡಲಾಗಿ ಎದೆಯೆತ್ತರಕ್ಕೆ ಕಟ್ಟಿ, ಬಾಗಿಲನ್ನು ಪೂರ್ತಿ ತೆರೆದಿಡಬೇಕೆಂದೂ, ಗಾಳಿಯೊಂದನ್ನು ಬಿಟ್ಟು ಮತ್ಯಾರೂ ಅಪ್ಪಣೆಯಿಲ್ಲದೆ ಒಳಬರಕೂಡದೆಂದೂ ಸಾರಿದರು. ಮೇಷ್ಟ್ರು ಬಣ್ಣ ಕರಗಿಸಲು ಟರ್ಪೆಂಟೈನ್ ಬಾಟಲಿ ತೆಗೆದಾಗ ಸೀಟಿ ಊದಿದರು. ಹೆರೆಯಲು ಚಾಕು ತೆಗೆದಾಗ ಎರಡು ಸಲ ಊದಿದರು.

“ಕಬ್ಬಿಣ ಎರಡು ಗುಬುಟಿಗೂ ತಾಗಿದ್ರೆ ಮುಗೀತು! ಉಗುರಿದೆಯಲ್ಲ, ಉಗುರು?”

ಹೆಂಡತಿಯ ಪಾತ್ರೆ ತೊಳೆಯುವ ಗುಲಾಬಿ ಗ್ಲೌಸು, ಕಣ್ಣಿಗೆ ಈಜುವವರ ಕನ್ನಡಕ ತೊಟ್ಟು ಸಜ್ಜಾಗಿದ್ದ ಮೇಷ್ಟ್ರು, ಒಂದು ಗ್ಲೌಸನ್ನು ಕಳಚಿ, ಹಳೆಯ ಭಿತ್ತಿಚಿತ್ರವನ್ನು ಸುಣ್ಣದ ಪದರದಿಂದ ಬಿಡಿಸುವವರ ಶ್ರದ್ಧೆಯಲ್ಲಿ, ಹೆಬ್ಬೆರಳ ಉಗುರಿನಿಂದ ಬಣ್ಣ ಕೆರೆದರು. ನೀಲಿಯ ಕೆಳಗಿನಿಂದ ಸ್ವಲ್ಪ ಸ್ವಲ್ಪವಾಗಿ ಒಂದು ಪ್ಲಸ್ ಗುರುತು ಮೇಲೆದ್ದಿತು.

“ನಾನು ಆಗಲೇ ಅಂದ್ಕೊಂಡೆ,” ಎಂದಳು ದೊಡ್ಡಮ್ಮ. “ದಪ್ಪಗಿರೋದೇ ಪ್ಲಸ್ಸು. ಮನೇಲೂ ಹಾಗೇ ಅಲ್ವಾ?”

ಮುಚ್ಚಳದ ತೂತುಗಳನ್ನು ಹಲ್ಲುಕಡ್ಡಿಯಿಂದ ಬಿಡಿಸಿದ್ದಾಯಿತು. ಮುಚ್ಚಳ ತೆರೆದು ಒಳಗೆ ಇಣುಕಿದರೆ ಸೀಸದ ತಟ್ಟೆಗಳು ಬಾಯಾರಿ ಕುಳಿತಿದ್ದವು. ಮೇಷ್ಟ್ರು ನಲ್ಲಿಯತ್ತ ಹೊರಟರು, ಸೀಟಿ. “ನಲ್ಲಿ ನೀರಲ್ಲ! ಬ್ಯಾಟರಿ ನೀರು!” ಅದು ಸಿಕ್ಕಿದ್ದು ದೊಡ್ಡಮ್ಮನ ಮನೆಯಲ್ಲಿ, ಉಗಿ ಇಸ್ತ್ರಿಪೆಟ್ಟಿಗೆಗೆ ಹಾಕಲು ತಂದಿಟ್ಟ ಶೀಷೆಯಲ್ಲಿ. ತಟ್ಟೆಗಳು ಮುಳುಗುವಷ್ಟು ಮಾತ್ರ ಹನಿಸಿದರು. ಕೆಂಪು ಕ್ಲಿಪ್ಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಇನ್ನು ಪ್ಲಗ್ಗು ಹಾಕುವುದೊಂದೇ ಬಾಕಿ.

ಗ್ಯಾರೇಜಿನ ಗೋಡೆಯ ಪ್ಲಗ್ಗು ಮುದುಕನ ಹಲ್ಲಿನಂತೆ ಅಲುಗಾಡುತ್ತಿತ್ತು. ಮಾಮ ಅದನ್ನು ಮುಟ್ಟಿ ನೋಡಿ ತಲೆಯಾಡಿಸಿದರು. ಮೇಷ್ಟ್ರ ಮನೆ ಮೂರನೇ ಮಹಡಿಯಲ್ಲಿ. ಅಲ್ಲಿಗೆ ವೈರು ಎಟುಕದು. ಎಟುಕುವುದು ಎದುರಿನ ದೊಡ್ಡಮ್ಮನ ಮನೆಗೆ ಮಾತ್ರ. ದಡದ ಪ್ಲಗ್ಗಿನಿಂದ ದೋಣಿಯವರೆಗೆ ಎಳೆಯಲೆಂದೇ ಹಳೆಯ ಮೀನುಗಾರ ಚಾರ್ಜರಿಗೆ ಉದ್ದನೆಯ ವೈರು ಹಾಕಿಸಿದ್ದ. ಎಲ್ಲೂ ಗಂಟಿಲ್ಲ, ಜೋಡಣೆಯಿಲ್ಲ, ನಡುವೆ ಸ್ವಿಚ್ಚಿಲ್ಲ. “ಇದೊಂದು ಸರಿಯಾಗಿದೆ,” ಎಂದು ಮಾಮ ಮೊದಲ ಬಾರಿಗೆ ಮೆಚ್ಚಿದರು. ಸುತ್ತಿಟ್ಟಿದ್ದರೆ ಬಿಸಿಯಾಗುತ್ತದೆಂದು ವೈರನ್ನು ಪೂರ್ತಿ ಬಿಡಿಸಿ, ಬೀದಿ ದಾಟಿಸಿ, ದೊಡ್ಡಮ್ಮನ ಬಾಗಿಲ ಕೆಳಗಿನ ಸಂದಿಯಿಂದ ಒಳಗೆ ತೂರಿಸಿ, ಯಾರಾದರೂ ಎಡವಿದರೆ ಪ್ಲಗ್ಗು ಕಿತ್ತು ಬಾರದಿರಲೆಂದು ಒಳಗಿನ ಮೇಜಿನ ಕಾಲಿಗೆ ಎರಡು ಸುತ್ತು ಬಿಗಿದರು. ಪ್ಲಗ್ಗು ಹಾಕಿದ ಕೂಡಲೇ ಚಾರ್ಜರಿನಲ್ಲಿ ಕೆಂಪು ದೀಪ ಕಣ್ಣುಬಿಟ್ಟಿತು.

“ತುಂಬಿದ ಮೇಲೆ ಹಸಿರು ಬರತ್ತೆ,” ಎಂದರು ಮಾಮ. “ನೆನಪಿಟ್ಕೊಳ್ಳಿ. ತೆಗೆಯೋವಾಗ ಮೊದಲು ಅಲ್ಲಿ ಪ್ಲಗ್ಗು, ಆಮೇಲೆ ಇಲ್ಲಿ ಕ್ಲಿಪ್ಪು. ಕರೆಂಟು ಇರೋವಾಗ ಕ್ಲಿಪ್ಪು ಕಿತ್ರೆ ಕಿಡಿ ಹಾರೋದು ಸರಿಯಾಗಿ ಗ್ಯಾಸಿನ ಮೂಗಿನ ಮೇಲೇ. ಮತ್ತೆ, ಚಾರ್ಜಿಗೆ ಹಾಕಿದ್ದನ್ನ ಒಂಟಿಯಾಗಿ ಬಿಟ್ಟು ಯಾರೂ ಎದ್ದು ಹೋಗೋ ಹಾಗಿಲ್ಲ.”

ಮೇಷ್ಟ್ರು ಒಂದು ಸ್ಟೂಲು ಹಾಕಿಕೊಂಡು ಕುಳಿತರು. ಕೆಂಪು ದೀಪ ಅವರನ್ನು ನೋಡಿತು, ಅವರು ಅದನ್ನು ನೋಡಿದರು. ಬ್ಯಾಟರಿಯೊಳಗೆ ಎಲ್ಲೋ ದೂರದಲ್ಲಿ ಒಂದು ನೀರಗುಳ್ಳೆ ಒಡೆಯಿತು. ನಡುಗಡ್ಡೆಯ ಹಿಂಬದಿಯ ನೀರು ಸ್ವಲ್ಪ ಹತ್ತಿರ ಬಂದಂತೆನಿಸಿತು.

ದೀಪ ಆರಿತು.

ಮೇಷ್ಟ್ರು ಹಗ್ಗದಡಿ ನುಸುಳಿ ಓಡಿದರು. ದೊಡ್ಡಮ್ಮ ಮಿಕ್ಸಿ ತಿರುಗಿಸುತ್ತಿದ್ದಳು. ಚಾರ್ಜರಿನ ಪ್ಲಗ್ಗು ಪಕ್ಕದಲ್ಲಿ ತಲೆಕೆಳಗಾಗಿ ತೂಗುತ್ತಿತ್ತು.

“ದೊಡ್ಡಮ್ಮ, ಅದನ್ನ ತೆಗೀಬಾರದಾಗಿತ್ತು.”

“ಮಿಕ್ಸಿ ಎಲ್ಲಿ ಹಾಕ್ಲಪ್ಪಾ, ನಿನ್ನ ಮೂಗಿಗಾ? ಈ ಮನೇಲಿ ಸರಿಯಾಗಿರೋದು ಇದೊಂದೇ ಪ್ಲಗ್ಗು.” ಮಿಕ್ಸಿ ನಿಲ್ಲಿಸಿ ಆಕೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನೀನು ಚಿತ್ರ ಬರೆಯೋನಲ್ವಾ?”

“ಹೌದು.”

“ಇಷ್ಟು ವರ್ಷ ಎದುರುಬದುರು ಇದ್ದೀವಿ. ಒಂದು ದಿನಾನಾದ್ರೂ ದೊಡ್ಡಮ್ಮ, ನಿಮ್ಮದೊಂದು ಚಿತ್ರ ಬರೀತೀನಿ ಅಂದಿದ್ದೀಯಾ? ಗೋಡೆ ಖಾಲಿ ಬಿದ್ದಿದೆ ನೋಡು. ಬರಿ. ನೀನು ಬರೆಯೋವರೆಗೂ ನಾನು ಮಿಕ್ಸಿ ಮುಟ್ಟಲ್ಲ, ಇಲ್ಲೇ ಕೂತಿರ್ತೀನಿ. ನಾನು ಕೂತಿದ್ರೆ ನಿನ್ನ ಪ್ಲಗ್ಗೂ ಕೂತಿರತ್ತೆ.”

ಬ್ಯಾಟರಿಯ ಬಳಿಯ ಸ್ಟೂಲಿನ ಮೇಲೆ ಮಾಮ ಸೀಟಿ ಹಿಡಿದು ಕುಳಿತರು; ಎದುರುಮನೆಯಲ್ಲಿ ಮೇಷ್ಟ್ರು ಪೆನ್ಸಿಲು ಹಿಡಿದು ಕುಳಿತರು. ದೊಡ್ಡಮ್ಮನ ಮುಖ ಬರೆಯಲು ಕಷ್ಟವಾದದ್ದಲ್ಲ. ಅದರಲ್ಲಿ ಎಲ್ಲವೂ ಧಾರಾಳವಾಗಿತ್ತು. ಅರ್ಧ ಮುಗಿದಾಗ ಆಕೆ ಬಾಗಿ ನೋಡಿದಳು.

“ಇದೇನಿದು?”

“ಮೂಗು ದೊಡ್ಡಮ್ಮ.”

“ನಂದಾ?”

ಮೇಷ್ಟ್ರು ಸತ್ಯವಂತರು. “ಹೌದು,” ಎಂದರು. ದೊಡ್ಡಮ್ಮ ಕೂತಲ್ಲಿಂದಲೇ ಕೈಚಾಚಿ ಪ್ಲಗ್ಗು ಕಿತ್ತಳು. ಬೀದಿಯಾಚೆಯಿಂದ ಸೀಟಿ ಕೇಳಿಸಿತು: “ದೀಪ ಹೋಯ್ತು ಮೇಷ್ಟ್ರೇ!”

ಮೇಷ್ಟ್ರು ಒಂದು ಕ್ಷಣ ಕಲೆಯ ಬಗ್ಗೆ ಯೋಚಿಸಿದರು, ಮತ್ತೊಂದು ಕ್ಷಣ ದೋಣಿಯ ಬಗ್ಗೆ. ರಬ್ಬರು ತೆಗೆದುಕೊಂಡರು. ಮೂಗು ಒಂದು ಸುತ್ತು ಇಳಿಯಿತು. ಪ್ಲಗ್ಗು ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಗದ್ದದ ವಿಚಾರ ಬಂತು. ಪ್ಲಗ್ಗು ಹೊರಗೆ ಬಂತು. ಎರಡಿದ್ದ ಗದ್ದ ಒಂದಾದದ್ದೇ ಕರೆಂಟು ಮರಳಿತು. ಹಣೆಯ ಗೆರೆಗಳಿಗೆ ಒಂದು ಸಲ, ಕಿವಿಗೆ ಒಂದು ಸಲ, ಮತ್ತೆ ಮೂಗಿಗೆ ಎರಡು ಸಲ. ಮಧ್ಯಾಹ್ನ ಕಳೆಯುವ ಹೊತ್ತಿಗೆ ಹಾಳೆಯ ಮೇಲಿನ ಹೆಂಗಸಿಗೂ ದೊಡ್ಡಮ್ಮನಿಗೂ ಇದ್ದ ಸಂಬಂಧ ಕೇವಲ ನೆರೆಹೊರೆಯದು. ಆದರೆ ಮೂಗು ಸಣ್ಣದಾದಷ್ಟೂ ಬ್ಯಾಟರಿ ತುಂಬುತ್ತಿತ್ತು. ಸೌಂದರ್ಯಕ್ಕೂ ವಿದ್ಯುತ್ತಿಗೂ ಇಂಥ ನೇರವಾದ ನಂಟನ್ನು ಮೇಷ್ಟ್ರು ತಮ್ಮ ವೃತ್ತಿಜೀವನದಲ್ಲಿ ಕಂಡಿರಲಿಲ್ಲ.

ನಡುವೆ ಮಾಮನ ಸೀಟಿ ಬೇರೆ. “ಗುಳುಗುಳು ಅಂತಿದೆ!” ಮೇಷ್ಟ್ರು ಓಡಿಬಂದು ನೋಡಿ, “ಗುಳುಗುಳು ಅನ್ನಬೇಕು ಅಂತ ನೀವೇ ಹೇಳಿದ್ರಲ್ಲ ಮಾಮ?” ಎನ್ನುವರು. “ಹೇಳಿದ್ದೆ. ಆದ್ರೆ ಇಷ್ಟು ಹತ್ತಿರದಿಂದ ಕೇಳಿರಲಿಲ್ಲ.” ಅವರು ಮತ್ತೆ ಓಡುವರು. ಪ್ರತಿ ಸಲವೂ ಹಗ್ಗದಡಿ ಬಗ್ಗಿ ನುಸುಳಿ, ಸಂಜೆಯ ವೇಳೆಗೆ ಮೇಷ್ಟ್ರ ಬೆನ್ನು ಗಾಳದ ಕೊಕ್ಕೆಯ ಆಕಾರ ಪಡೆದಿತ್ತು.

ಬಿಸಿಲು ಹಳದಿಗೆ ತಿರುಗಿದಾಗ ಭಾವನ ಕಾರು ಬೀದಿಯ ಕೊನೆಯಲ್ಲಿ ನಿಂತಿತು. ಮರದ ವ್ಯಾಪಾರಿ ಇಳಿದು ಬಂದ. ಅವನ ಕೈಯಲ್ಲೂ ಒಂದು ಬ್ಯಾಟರಿ ತೂಗುತ್ತಿತ್ತು. ಅದನ್ನು ಹಗ್ಗದ ಬಳಿ ಕೆಳಗಿಟ್ಟು, ಜೇಬು ತಡಕಿ, ಸಿಗರೇಟು ತುಟಿಗಿಟ್ಟು ಬೆಂಕಿಕಡ್ಡಿ ಗೀರಿದ.

ಆಯುಷ್ಯವಿಡೀ ಕಾದ ಕ್ಷಣ ಮಾಮನಿಗೆ ಒದಗಿಬಂದಿತ್ತು. ಸೀಟಿ ಊದಲೂ ಪುರುಸೊತ್ತಿಲ್ಲದೆ ಅವರು ಬಕೆಟ್ಟು ಎತ್ತಿದರು. ಕಡ್ಡಿ ಆರಿತು, ಸಿಗರೇಟು ಕಾಣೆಯಾಯಿತು, ಭಾವ ಕೊರಳಿನಿಂದ ಬೂಟಿನವರೆಗೆ ಸಮುದ್ರತೀರದಂತೆ ಕಂಡ.

“ಯಾರ್ರೀ ಈ ಮುದುಕ!”

“ನಿನ್ನ ಜೀವ ಉಳಿಸಿದವನು ಕಣಯ್ಯಾ,” ಎಂದ ಮಾಮನ ಕಣ್ಣಲ್ಲಿ ನೀರಿತ್ತು.

ಎದುರುಮನೆಯಿಂದ ಮೇಷ್ಟ್ರು ಓಡಿಬಂದರು. ಮರಳಿನಲ್ಲಿ ಮುಳುಗಿದ ನ್ಯಾಯಾಧೀಶ ಯಾವ ತೀರ್ಪು ಕೊಟ್ಟಾನು? ಅಷ್ಟರಲ್ಲಿ ಮಹಡಿಯಿಂದ ಇಳಿದು ಬಂದ ಹೆಂಡತಿ, “ರೀ, ಅಲ್ಲಿ ನೋಡಿ!” ಎಂದು ಕೂಗಿದಳು.

ದೀಪ ಹಸಿರಾಗಿತ್ತು.

ಎದುರುಮನೆಗೆ ಓಡಿ, ಪ್ಲಗ್ಗು ತೆಗೆದು, ಮರಳಿ ಬಂದು, ಕಪ್ಪು ಕ್ಲಿಪ್ಪು, ಕೆಂಪು ಕ್ಲಿಪ್ಪು ಬಿಡಿಸಿ, ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಭಾವ ತನ್ನ ಪುಟ್ಟ ಮೀಟರನ್ನು ಜೇಬಿನ ಮರಳಿನಿಂದ ಹೊರತೆಗೆದು ಬ್ಯಾಟರಿಗೆ ಹಿಡಿದ. ಮುಳ್ಳು ಒಂದೇ ನೆಗೆತಕ್ಕೆ ಆ ಕೊನೆಗೆ ಹೋಗಿ ನಿಂತಿತು. ಅವನು ಮೀಟರನ್ನು ತಟ್ಟಿದ, ಮುಳ್ಳು ಅಲುಗಲಿಲ್ಲ.

“ಭಾವ,” ಎಂದ. ಕಿವಿಯಿಂದ ಮರಳು ಕೊಡವಿಕೊಂಡ. “ಒಪ್ಪಿದೆ. ನನ್ನ ಮಾತು ಮಾತೇ. ದೋಣಿ ನಿಮ್ಮದು. ನನ್ನ ಜೀವಮಾನದಲ್ಲಿ ಇಷ್ಟು ಸರಿಯಾಗಿ ತುಂಬಿದ ಬ್ಯಾಟರಿ ನೋಡಿಲ್ಲ.”

ಮೇಷ್ಟ್ರ ಬದುಕಿನಲ್ಲಿ ಭಾವ ಅವರನ್ನು ಹೊಗಳಿದ್ದು ಅದೇ ಮೊದಲು. ಹೆಂಡತಿ ಅವರನ್ನು ನೋಡಿದ ನೋಟದಲ್ಲಿಯೂ ಹೊಸದೇನೋ ಇತ್ತು. ಹಳೆಯ ಪೆಟ್ಟಿಗೆಯ ತಳದಲ್ಲಿ ಮರೆತ ರೇಷ್ಮೆಯ ಬಟ್ಟೆ ಸಿಕ್ಕಿದವರ ನೋಟ. ಮೇಷ್ಟ್ರ ಬೆನ್ನು ತಾನಾಗಿ ನೇರವಾಯಿತು.

“ಆ ಬ್ಯಾಟರಿ ಯಾತಕ್ಕೆ ತಂದ್ರಿ ಭಾವ?”

“ಇದಾ?” ಭಾವ ನಾಚಿದ. “ಸುಳ್ಳು ಯಾಕೆ ಹೇಳ್ಲಿ, ದೋಣಿ ನನ್ನ ಪಾಲಿಗೇ ಬರತ್ತೆ ಅಂತ ತಂದೆ. ಅಂಗಡಿ ಮೂಲೇಲಿ ಬಿದ್ದಿತ್ತು, ಪೂರ್ತಿ ಸತ್ತಿದೆ. ವಾಪಸ್ ತಗೊಂಡು ಹೋಗ್ತೀನಿ ಬಿಡಿ.”

ಅಲ್ಲಿ ಸುಮ್ಮನಿದ್ದಿದ್ದರೆ ಮೇಷ್ಟ್ರ ಕತೆ ಬೇರೆಯಾಗುತ್ತಿತ್ತು. ಆದರೆ ಗೆದ್ದ ಮನುಷ್ಯನಿಗೆ ಔದಾರ್ಯವೆಂಬುದು ಬಿಕ್ಕಳಿಕೆಯಂತೆ, ತಡೆದರೂ ಬರುತ್ತದೆ.

“ಸತ್ತಿದೆ ಅಂತ ಹೇಳೋಕೆ ನೀವ್ಯಾರು ಭಾವ? ಕೊಡಿ ಇಲ್ಲಿ.”

ಅವರು ಗುಲಾಬಿ ಗ್ಲೌಸು ತೊಟ್ಟರು. ನೆರೆದವರೆಲ್ಲ ಹಗ್ಗದಾಚೆ ನಿಂತರು. ಇಡೀ ದಿನ ಬೈಸಿಕೊಂಡದ್ದನ್ನೆಲ್ಲ ಮೇಷ್ಟ್ರು ಪಾಠ ಮಾಡುವ ಗಂಭೀರ ಧ್ವನಿಯಲ್ಲಿ ಹಿಂದಿರುಗಿಸತೊಡಗಿದರು. “ಮೊದಲು ತೂತು ನೋಡ್ಬೇಕು. ಆಮೇಲೆ ನೀರು. ನಲ್ಲಿ ನೀರಲ್ಲ! ಇದು ಪ್ಲಸ್ಸು, ಇದಕ್ಕೆ ಕೆಂಪು. ಇದಕ್ಕೆ ಕಪ್ಪು. ದೊಡ್ಡಮ್ಮ, ಪ್ಲಗ್ಗು ಹಾಕಿ!” ಕೆಂಪು ದೀಪ ಹತ್ತಿತು. “ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಹಾಕಿದವನು ಬಿಟ್ಟು ಏಳಬಾರದು. ಮನೆ ಮುಳುಗಿದ್ರೂ ಏಳಬಾರದು.”

ಭಾವ ಚಪ್ಪಾಳೆ ತಟ್ಟಿದ. ಮಾಮ ಒಂದು ಗೌರವದ ಸೀಟಿ ಊದಿದರು.

“ಸರಿ, ನಡೀರಿ ಮತ್ತೆ,” ಎಂದಳು ಹೆಂಡತಿ. “ಬೆಳಕಿರೋವಾಗಲೇ ನಡುಗಡ್ಡೆ ಸುತ್ತಿ ಬರೋಣ. ಅಣ್ಣಾ, ನೀಲಿ ಬ್ಯಾಟರಿ ನೀನು ಹಿಡ್ಕೋ. ನಾನು ಈ ದೋಣಿ ಹತ್ತಲ್ಲ ಅಂತ ಆಣೆ ಇಟ್ಟಿದ್ದೆ. ಇವತ್ತು ಹತ್ತೇ ಹತ್ತುತ್ತೀನಿ. ಮಾಮ, ನೀವೂ ಬನ್ನಿ.”

“ನೀರಿನ ಮಧ್ಯೆ ಬೆಂಕಿ ಬಿದ್ರೆ ಅಂತ ನಾನಂತೂ ಬರಲೇಬೇಕು,” ಎಂದ ಮಾಮ ಆಗಲೇ ಖಾಲಿ ಬಕೆಟ್ಟು ಹಿಡಿದು ಹಗ್ಗದಾಚೆ ಇದ್ದರು.

ಮೇಷ್ಟ್ರು ಗ್ಲೌಸು ಕಳಚಿ ಎದ್ದರು. ಹೆಂಡತಿ ಅವರ ಭುಜದ ಮೇಲೆ ಮೆತ್ತಗೆ ಕೈಯಿಟ್ಟು ಮತ್ತೆ ಕೂರಿಸಿದಳು.

“ನೀವೆಲ್ಲಿಗೆ?”

“ದೋಣಿಗೆ!”

“ಮತ್ತೆ ಇದನ್ನ ಕಾಯೋರು?” ಎಂದು ಆಕೆ ಕೆಂಪು ದೀಪದತ್ತ ಬೆರಳು ತೋರಿಸಿದಳು. “ಈಗ ತಾನೇ ನೀವೇ ಹೇಳಿದ್ರಲ್ಲ ರೀ, ಮನೆ ಮುಳುಗಿದ್ರೂ ಏಳಬಾರದು ಅಂತ. ಅಣ್ಣನ ಬ್ಯಾಟರಿ, ಏನಾದ್ರೂ ಆದ್ರೆ ಚೆನ್ನಾಗಿರಲ್ಲ. ನೀವು ಕೂತಿರ್ತೀರಿ ಅನ್ನೋ ಧೈರ್ಯದ ಮೇಲೇ ನಾವು ಹೋಗ್ತಿರೋದು.”

“ನಾಳೆ ಹಾಕಿದ್ರಾಯ್ತು, ಈಗ ತೆಗೆದುಬಿಡ್ತೀನಿ!”

“ಅಯ್ಯೋ, ಅರ್ಧಕ್ಕೆ ತೆಗೆದ್ರೆ ಮತ್ತೆ ಸಾಯತ್ತೆ ಭಾವ!” ಎಂದ ಭಾವ. “ಎರಡು ಬ್ಯಾಟರಿ ಇದ್ರೆ ಬರೋ ವಾರ ಇನ್ನೂ ದೂರ ಹೋಗಬಹುದು. ಒಂದು ನೀರಿನ ಮೇಲೆ, ಒಂದು ನಿಮ್ಮ ಕೈಯಲ್ಲಿ. ಪ್ರತಿ ಭಾನುವಾರ! ದೋಣಿ ನಿಮ್ಮದೇ, ಅದರಲ್ಲಿ ಎರಡು ಮಾತಿಲ್ಲ.”

ಮೂವರೂ ನಡೆದರು. ಭಾವನ ತೋಳಿನಲ್ಲಿ ನೀಲಿ ಬ್ಯಾಟರಿ ಸಂಜೆಯ ಬೆಳಕಿಗೆ ಮಿನುಗುತ್ತ, ಬೀದಿಯ ಕೊನೆಯ ಕಾರಿನತ್ತ ಸಾಗಿತು. ಹೆಂಡತಿ ಏನೋ ಹೇಳಿ ನಕ್ಕಳು. ಆ ನಗುವನ್ನು ಕೇಳಿ ಎಷ್ಟೋ ಕಾಲವಾಗಿತ್ತು. ಮೇಷ್ಟ್ರು ಸ್ಟೂಲಿನ ಮೇಲೆ ಒಂದಿಷ್ಟು ಹೊತ್ತು ಕುಳಿತರು. ಬಿಸಿಲು ಗೋಡೆಯನ್ನೇರುತ್ತಿತ್ತು. ಇನ್ನು ಸ್ವಲ್ಪದರಲ್ಲಿ ನಡುಗಡ್ಡೆಯ ಹಿಂದಿನ ನೀರು ಹೊನ್ನಿನಿಂದ ತಾಮ್ರಕ್ಕೆ, ತಾಮ್ರದಿಂದ ಹೆಸರಿಲ್ಲದ ಯಾವುದೋ ಬಣ್ಣಕ್ಕೆ ತಿರುಗುತ್ತದೆ; ಅದನ್ನು ನೋಡಲು ದೋಣಿಯಲ್ಲಿ ಮೂರು ಜನರಿರುತ್ತಾರೆ, ಮೂವರೂ ಮಾತನಾಡುತ್ತಿರುತ್ತಾರೆ.

“ಇಲ್ಲ,” ಎಂದರು ಮೇಷ್ಟ್ರು ಗಟ್ಟಿಯಾಗಿ. “ಸತ್ತರೆ ಸಾಯಲಿ ಅವನ ಬ್ಯಾಟರಿ!”

ಎದ್ದರು. ಕೈ ಕ್ಲಿಪ್ಪಿನತ್ತ ಹೋಯಿತು, ಅಲ್ಲೇ ತಡೆಯಿತು. ಮೊದಲು ಪ್ಲಗ್ಗು, ಆಮೇಲೆ ಕ್ಲಿಪ್ಪು. ಸರಿ, ಎದುರುಮನೆಗೆ ಓಡಿ ಪ್ಲಗ್ಗು ಕಿತ್ತರಾಯಿತು. ಕಾರು ಇನ್ನೂ ಹೊರಟಿಲ್ಲ. ಅದು ಯಾರಿಗಾಗಿ ಕಾಯುತ್ತಿದೆ ಎಂಬ ಪ್ರಶ್ನೆ ಅವರಿಗೆ ಹೊಳೆದದ್ದು, ಅವಸರದಲ್ಲಿ ಬಗ್ಗುವುದನ್ನು ಮರೆತು ಮಾಮನ ಹಗ್ಗಕ್ಕೆ ಎದೆಯೊಡ್ಡಿ ಸಿಕ್ಕಿಕೊಂಡಾಗ.

ಎದುರುಮನೆಯ ಹೊಸ್ತಿಲಲ್ಲಿ ದೊಡ್ಡಮ್ಮ ನಿಂತಿದ್ದಳು. ಹೊಸ ಉಡುಪು, ಬಣ್ಣದ ಕೊಡೆ, ತೋಳಿನಲ್ಲೊಂದು ಚೀಲ.

“ನನಗೂ ಜಾಗ ಹಿಡ್ಕೊಳ್ರೇ, ಬಂದೇಬಿಟ್ಟೆ!” ಎಂದು ಕಾರಿನತ್ತ ಕೂಗಿದಳು. ಆಮೇಲೆ ಹಗ್ಗದಲ್ಲಿ ತೊಡರಿಕೊಂಡಿದ್ದ ಮೇಷ್ಟ್ರ ಕಡೆಗೆ ತಿರುಗಿ ಪ್ರೀತಿಯಿಂದ ಕೊಡೆಯಾಡಿಸಿದಳು. “ನೀನು ಹಾಯಾಗಿ ಕೂತ್ಕೊಳ್ಳಪ್ಪ. ಮಿಕ್ಸಿ ಇಲ್ಲ, ಇಸ್ತ್ರಿ ಇಲ್ಲ, ಇವತ್ತು ಆ ಪ್ಲಗ್ಗನ್ನ ಮುಟ್ಟೋಕೆ ಒಂದು ನರಪಿಳ್ಳೆ ಇಲ್ಲ!”

“ದೊಡ್ಡಮ್ಮ, ಒಂದು ನಿಮಿಷ! ಬಾಗಿಲು—”

ಭಾವ ಹಾರನ್ನು ಒತ್ತಿದ. ಮೇಷ್ಟ್ರ ಮಾತು ಆ ಸದ್ದಿನೊಳಗೆ ಎಲ್ಲೋ ಹೋಯಿತು. ದೊಡ್ಡಮ್ಮ ವೈರನ್ನು ತುಳಿಯದಂತೆ ಜೋಪಾನವಾಗಿ ದಾಟಿ, ಕೈ ಹಿಂದಕ್ಕೆ ಚಾಚಿ ಬಾಗಿಲನ್ನು ಎಳೆದುಕೊಂಡು ಹೊರಟಳು. ತಾನಾಗಿ ಬೀಗ ಬೀಳುವ ಆ ಬಾಗಿಲು ಅವಳ ಬೆನ್ನ ಹಿಂದೆ ಟಪ್ಪೆಂದು ಮುಚ್ಚಿಕೊಂಡಿತು.